ಫೋರ್ ಬೈ ಫೋರ್ ಇದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದೇ? ಗಾಡಿ ಏನು ಮಾಡುತ್ತದೆ, ನಾವು ಏನು ಕಲಿಯಬೇಕು?

ಮುಂಗಾರು ಶುರುವಾದ ಮೊದಲ ವಾರದಲ್ಲೇ ಇಂಥ ವಿಡಿಯೊಗಳು ಗ್ರೂಪಿನಿಂದ ಗ್ರೂಪಿಗೆ ಹರಿಯತೊಡಗುತ್ತವೆ. ತುಂಬಿದ ಹಳ್ಳಕ್ಕೆ ಒಂದು ಜೀಪು ಇಳಿಯುತ್ತದೆ, ಬಾನೆಟ್ ಮೇಲೆ ನೀರು ಚಿಮ್ಮುತ್ತದೆ, ಆಚೆ ದಡ ಹತ್ತುತ್ತದೆ. ಕೆಳಗೆ ಒಂದು ಸಾಲು: ಫೋರ್ ಬೈ ಫೋರ್ ಇದ್ದವರಿಗೆ ರಸ್ತೆಯೇ ಬೇಡ. ಜತೆಗೆ ಸಲಹೆಗಳೂ ಬರುತ್ತವೆ. ಕೆಸರಿನಲ್ಲಿ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮಳೆಯಲ್ಲಿ ಹೆದ್ದಾರಿಯಲ್ಲೂ ಫೋರ್ ಹೈ ಹಾಕಿಕೊಂಡೇ ಓಡಿಸಿ, ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ಸ್ನಾರ್ಕೆಲ್ ಹಾಕಿಸಿದರೆ ಎಷ್ಟು ಆಳದ ನೀರನ್ನಾದರೂ ದಾಟಬಹುದು. ಈ ಮೂರೂ ತಪ್ಪು. ಮೊದಲನೆಯದರಿಂದ ಗಾಡಿ ಇನ್ನಷ್ಟು ಹೂತುಕೊಳ್ಳುತ್ತದೆ, ಮೂರನೆಯದರಿಂದ ಜೀವ ಹೋಗಬಹುದು.

ಇದು ಎಸ್ಟೇಟ್ ಮಾಲೀಕರ ಅಥವಾ ಕಾಡಂಚಿನವರ ವಿಷಯ ಎಂದು ಬಿಡುವ ಹಾಗಿಲ್ಲ. ಮೈಸೂರಿನ ನಜರ್‌ಬಾದ್‌ನಂಥ ಹಳೆಯ ಬಡಾವಣೆಯ ಮನೆಗಳ ಮುಂದೆಯೂ ಈಗ ಥಾರ್, ಜಿಮ್ನಿಗಳು ನಿಂತಿರುತ್ತವೆ. 2020ರಲ್ಲಿ ಹೊಸ ಥಾರ್ ಬಂತು, 2023ರಲ್ಲಿ ಜಿಮ್ನಿ, 2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್. ಮೊದಲು ತೋಟದ ಕೆಲಸಕ್ಕಷ್ಟೇ ಇದ್ದ ಜೀಪು ಎಸಿ, ಟಚ್‌ಸ್ಕ್ರೀನ್, ಪವರ್ ಸ್ಟೇರಿಂಗ್ ಹಾಕಿಕೊಂಡು ಸಂಸಾರದ ಗಾಡಿಯಾಯಿತು. ವಾರವಿಡೀ ಶಾಲೆ, ಆಫೀಸು, ಮೃಗಾಲಯದ ಮುಂದಿನ ಟ್ರಾಫಿಕ್ಕು. ಶನಿವಾರ ಬೆಳಿಗ್ಗೆ ಹೊರಟರೆ ಹುಣಸೂರು, ಕುಶಾಲನಗರ ದಾಟಿ ಸುಮಾರು 120 ಕಿ.ಮೀ.ಗೆ ಮಡಿಕೇರಿ. ಅಲ್ಲಿಂದ ಮುಂದೆ ಟಾರು ಮುಗಿಯುವ ಜಾಗ ದೂರವಿಲ್ಲ.

ನಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ನೋಡುತ್ತಾರೆ. ಲಘು ಮೋಟಾರು ವಾಹನದ ಲೈಸೆನ್ಸ್ ಪಡೆದವರು ಮಾರುತಿ 800 ಓಡಿಸಬಹುದು, ಥಾರ್ ಕೂಡ ಓಡಿಸಬಹುದು. ಫೋರ್ ಲೋ ಗೇರು ಎಂದರೇನು ಎಂದು ಯಾರೂ ಕೇಳುವುದಿಲ್ಲ. ಆ ಖಾಲಿ ಜಾಗವನ್ನು ರೀಲ್ಸ್ ತುಂಬುತ್ತಿವೆ.

ಮೊದಲು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಗಾಡಿ ನಿಜಕ್ಕೂ ಫೋರ್ ಬೈ ಫೋರ್ ಹೌದೇ? ತಮಾಷೆಯ ಪ್ರಶ್ನೆಯಲ್ಲ. 2023ರ ಜನವರಿಯಿಂದ ಥಾರ್ ಹಿಂದಿನ ಎರಡು ಚಕ್ರಗಳಿಗಷ್ಟೇ ಶಕ್ತಿ ಹೋಗುವ ಮಾದರಿಯಲ್ಲೂ ಮಾರಾಟವಾಗುತ್ತಿದೆ, ರಾಕ್ಸ್‌ನಲ್ಲೂ ಅಂಥ ಮಾದರಿಗಳಿವೆ. ಹೊರಗಿನಿಂದ ನೋಡಿದರೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಸ್ನೇಹಿತರ ಗಾಡಿಯನ್ನೋ ಬಾಡಿಗೆ ಗಾಡಿಯನ್ನೋ ತೆಗೆದುಕೊಂಡು ಹೋಗುವವರು ಇದನ್ನು ಘಾಟಿ ಹತ್ತುವ ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಎಳೆಯುವುದು ಬೇರೆ, ನಿಲ್ಲಿಸುವುದು ಬೇರೆ

ಫೋರ್ ಬೈ ಫೋರ್ ಎಂದರೆ ಇಂಜಿನ್ನಿನ ಶಕ್ತಿ ಎರಡರ ಬದಲು ನಾಲ್ಕು ಚಕ್ರಗಳಿಗೂ ಹೋಗುತ್ತದೆ ಎಂದಷ್ಟೇ ಅರ್ಥ. ಒಂದು ಚಕ್ರ ಜಾರಿದರೂ ಇನ್ನೊಂದು ನೆಲ ಹಿಡಿದು ಎಳೆಯಬಹುದು. ಆದರೆ ಬ್ರೇಕು? ಆಲ್ಟೊದಲ್ಲೂ ಬ್ರೇಕು ನಾಲ್ಕು ಚಕ್ರಗಳಿಗೇ ಇದೆ, ಥಾರ್‌ನಲ್ಲೂ ಅಷ್ಟೇ. ಒದ್ದೆ ನೆಲದಲ್ಲಿ ಟೈರಿಗೆ ಎಷ್ಟು ಹಿಡಿತ ಸಿಗುತ್ತದೋ ಅಷ್ಟರಲ್ಲೇ ಗಾಡಿ ನಿಲ್ಲಬೇಕು. ಥಾರ್ ತೂಕ ಆಲ್ಟೊದ ಎರಡರಷ್ಟಿದೆ ಎಂಬುದನ್ನೂ ನೆನಪಿಡಿ. ಹತ್ತುವಾಗ ಗಾಡಿ ಕೊಡುವ ಧೈರ್ಯ ಇಳಿಯುವಾಗ ಇರುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಸಲೀಸಾಗಿ ಹತ್ತಿಬಿಟ್ಟ ಜಾರು ದಿಬ್ಬದಿಂದ ಇಳಿಯುವುದು ಹೇಗೆಂದು ಮೇಲೆ ನಿಂತು ಯೋಚಿಸುವುದು.

ಸಡಿಲ ಜಲ್ಲಿ, ಮರಳಿನ ಮೇಲೆ ಎಬಿಎಸ್ ಕೂಡ ಟಾರಿನ ಮೇಲೆ ಮಾಡಿದಂತೆ ಕೆಲಸ ಮಾಡುವುದಿಲ್ಲ. ಎಬಿಎಸ್ ಇಲ್ಲದ ಹಳೆ ಜೀಪಿನಲ್ಲಿ ಚಕ್ರ ಲಾಕ್ ಆದರೆ ಟೈರಿನ ಮುಂದೆ ಮಣ್ಣಿನ ಒಂದು ಗುಡ್ಡೆ ಸೇರುತ್ತಿತ್ತು, ಅದೇ ಗಾಡಿಯನ್ನು ತಡೆಯುತ್ತಿತ್ತು. ಎಬಿಎಸ್ ಚಕ್ರವನ್ನು ಲಾಕ್ ಆಗಲು ಬಿಡುವುದಿಲ್ಲ. ಹಾಗಾಗಿ ಸ್ಟೇರಿಂಗು ನಿಮ್ಮ ಮಾತು ಕೇಳುತ್ತದೆ, ಆದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಇನ್ನು ಹೆದ್ದಾರಿಯಲ್ಲಿ ಫೋರ್ ಹೈ ಹಾಕುವ ಸಲಹೆ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಒದ್ದೆ ಅಂಗಳದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹೊಡೆದು ಟೈರಿನ ಗುರುತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಥಾರ್, ಜಿಮ್ನಿ, ಗೂರ್ಖಾದಲ್ಲಿ ಫೋರ್ ಹೈ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗುವಂತೆ ಕಟ್ಟಿಹಾಕಿದ ಹಾಗಾಗುತ್ತದೆ. ಮಣ್ಣಿನಲ್ಲಿ ಒಂದು ಟೈರು ಚೂರು ಜಾರಿ ಲೆಕ್ಕ ಸರಿಹೋಗುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲ. ತಿರುವಿನಲ್ಲಿ ಗಾಡಿ ಬಿಗಿಯುತ್ತದೆ, ಟೈರು ಉಜ್ಜುತ್ತದೆ, ಆ ಒತ್ತಡವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಗಟ್ಟಿ ಟಾರು ಸಿಕ್ಕ ತಕ್ಷಣ ಟೂ ಹೈಗೆ ಬನ್ನಿ. ಆಲ್ ವೀಲ್ ಡ್ರೈವ್ ಎಂದು ಮಾರುವ ಕೆಲವು ಎಸ್‌ಯುವಿಗಳಲ್ಲಿ ವ್ಯವಸ್ಥೆ ಬೇರೆ ಇರುತ್ತದೆ, ಅವಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಗಾಡಿಯ ಜತೆ ಕೊಟ್ಟ ಪುಸ್ತಕ ಒಮ್ಮೆ ತೆರೆದು ನೋಡಿ.

ಗಾಳಿಯಲ್ಲಿ ಸುತ್ತುವ ಚಕ್ರ

ಕೆಸರಿನಲ್ಲಿ ಗಾಡಿ ನಿಂತಿದೆ. ಒಂದು ಚಕ್ರ ಗಿರ್ರನೆ ತಿರುಗುತ್ತಿದೆ, ಪಕ್ಕದ ಚಕ್ರ ಕದಲುತ್ತಿಲ್ಲ. ಇದಕ್ಕೆ ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಬೇಕೇ ಬೇಕು. ಆದರೆ ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಆ ಚಕ್ರ ಸುಮ್ಮನೆ ಸುತ್ತುತ್ತದೆ, ನೆಲದ ಮೇಲೆ ಗಟ್ಟಿಯಾಗಿರುವ ಚಕ್ರಕ್ಕೂ ಎಳೆಯುವಷ್ಟು ಬಲ ಸಿಗದಂತಾಗುತ್ತದೆ. ಹೊಂಡ ಇರುವ ದಾರಿಯಲ್ಲಿ ಮುಂದೆ ಒಂದು, ಕರ್ಣದ ಆಚೆ ತುದಿಯಲ್ಲಿ ಹಿಂದೆ ಒಂದು ಚಕ್ರ ಮೇಲೆದ್ದರೆ ಫೋರ್ ಬೈ ಫೋರ್ ಕೂಡ ಅಲ್ಲೇ ನಿಂತುಬಿಡುತ್ತದೆ.

ಆಧುನಿಕ ಗಾಡಿಗಳು ಇದಕ್ಕೆ ಎರಡು ಉಪಾಯ ಮಾಡಿವೆ. ಗೂರ್ಖಾದಲ್ಲಿ ಇರುವಂಥ ಡಿಫರೆನ್ಷಿಯಲ್ ಲಾಕ್, ಎರಡು ಚಕ್ರಗಳನ್ನೂ ಒಂದಾಗಿಸುತ್ತದೆ. ಜಿಮ್ನಿಯಂಥ ಗಾಡಿಯಲ್ಲಿ ಕಂಪ್ಯೂಟರು ಸುಮ್ಮನೆ ಸುತ್ತುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕು ಹಾಕುತ್ತದೆ. ಆಗ ಶಕ್ತಿ ಪಕ್ಕದ ಚಕ್ರಕ್ಕೆ ಹೋಗಲೇಬೇಕು. ಹಳೆ ಜೀಪು ಓಡಿಸಿ ಅಭ್ಯಾಸವಿದ್ದವರೂ ಹೊಸದಾಗಿ ಕಲಿಯಬೇಕಾದದ್ದು ಇದನ್ನೇ. ಬ್ರೇಕು ಹಾಕುವ ಕಂಪ್ಯೂಟರಿಗೆ ಕೆಲಸ ಮಾಡಲು ಒಂದೆರಡು ಕ್ಷಣ ಬೇಕು. ಕೆಳಗಿನಿಂದ ಕಟಕಟ ಎಂದು ಸದ್ದು ಬರುತ್ತದೆ. ಗಾಬರಿಯಾಗಿ ಕಾಲು ತೆಗೆದರೆ ಅದು ಕೆಲಸ ನಿಲ್ಲಿಸುತ್ತದೆ, ಗಾಬರಿಯಾಗಿ ಪೂರ್ತಿ ಒತ್ತಿದರೆ ಟೈರು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಫೋರ್ ಲೋ, ಮೊದಲ ಅಥವಾ ಎರಡನೇ ಗೇರು, ಆಕ್ಸಿಲರೇಟರ್ ಮೇಲೆ ಅಲುಗದ ಹಗುರ ಕಾಲು. ಚಕ್ರ ಸುತ್ತುತ್ತಲೇ ಇದ್ದು ಗಾಡಿ ಒಂದಡಿಯೂ ಮುಂದೆ ಹೋಗದಿದ್ದರೆ ನಿಲ್ಲಿಸಿ, ಇಳಿದು ನೋಡಿ.

ಗದ್ದೆ ಉಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರು ನಿಂತ ಗದ್ದೆಗೆ ಟ್ರ್ಯಾಕ್ಟರ್ ಇಳಿಸುವಾಗ ಅವರು ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ವೇಗ ಹೆಚ್ಚಿಸಲು ಅಲ್ಲ, ಕೆಸರಿಗೆ ಹಿಡಿತ ಸಿಗಲೆಂದು.

ಹಿಡಿತ ಹೆಚ್ಚಿಸಲು ನಮ್ಮ ಕೈಯಲ್ಲಿರುವ ಅತಿ ಅಗ್ಗದ ಉಪಾಯ ಟೈರಿನ ಗಾಳಿ. ಕೆಸರಿಗೆ ಗಾಳಿ ಗಟ್ಟಿಯಾಗಿರಬೇಕು ಎನ್ನುವ ಫಾರ್ವರ್ಡ್ ಇದಕ್ಕೆ ಪೂರ್ತಿ ಉಲ್ಟಾ. ರಸ್ತೆಯಲ್ಲಿ 30ರ ಆಸುಪಾಸಿನಲ್ಲಿರುವ ಗಾಳಿಯನ್ನು ಮರಳು, ಸಡಿಲ ಮಣ್ಣಿನಲ್ಲಿ 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಚಪ್ಪಟೆಯಾಗಿ ನೆಲದ ಮೇಲೆ ಹರಡಿಕೊಳ್ಳುತ್ತದೆ, ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಅದಕ್ಕಿಂತ ತುಂಬ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಆದರೆ ಮರೆಯಬಾರದ್ದು ವಾಪಸು ಬರುವಾಗಿನ ಕೆಲಸ. ಕಡಿಮೆ ಗಾಳಿಯ ಟೈರು ಹೆದ್ದಾರಿಯ ವೇಗದಲ್ಲಿ ಮಡಚಿ ಬಿಚ್ಚಿ ಕಾದು ಸಿಡಿಯಬಹುದು. ಸಿಗರೇಟ್ ಲೈಟರ್ ಜಾಗಕ್ಕೆ ಸಿಕ್ಕಿಸುವ ಗಾಳಿ ಪಂಪು, ಒಂದು ಗೇಜು, ಇವೆರಡೂ ಇಲ್ಲದಿದ್ದರೆ ಗಾಳಿ ಇಳಿಸಲೇಬೇಡಿ. ಬಾನೆಟ್ ಮೇಲಿನ ದೀಪ, ಸ್ಟಿಕ್ಕರುಗಳಿಗೆ ಸುರಿಯುವ ದುಡ್ಡಿನಲ್ಲಿ ಇವು ಎಷ್ಟೋ ಬರುತ್ತವೆ ಬಿಡಿ.

ಚಾಮುಂಡಿ ಬೆಟ್ಟ ಇಳಿಯುವಾಗಲೂ ಬೇಕಾಗುವ ಪಾಠ

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎನ್ನುವ ಮಾತು ವಾಟ್ಸಾಪ್‌ಗಿಂತ ಹಳೆಯದು. ಕಾರ್ಬುರೇಟರ್ ಕಾಲದಲ್ಲಿ ಅದರಲ್ಲಿ ಸ್ವಲ್ಪ ಸತ್ಯ ಇತ್ತು. ಈಗಿನ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರುಗಳು ಇಂಧನವನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ತಾನೇ ಓಡಬೇಕು, ಅದಕ್ಕೆ ಇಂಧನ ಬೇಕು. ಅಂದರೆ ಉಳಿತಾಯವೂ ಇಲ್ಲ, ಇಂಜಿನ್ನಿನ ತಡೆಯೂ ಇಲ್ಲ. ಪೂರ್ತಿ ಭಾರ ಬ್ರೇಕಿನ ಮೇಲೆ. ಚಾಮುಂಡಿ ಬೆಟ್ಟದಿಂದ ಇಳಿದ ಕೆಲವು ಕಾರುಗಳಿಂದ ಬರುವ ಸುಟ್ಟ ವಾಸನೆ ಅದೇ.

ಕಚ್ಚಾ ದಾರಿಯ ಕಡಿದಾದ ಇಳಿಜಾರಿನಲ್ಲಿ ಫೋರ್ ಲೋ ಮೊದಲ ಗೇರಿಗೆ ಹಾಕಿ ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆಯಿರಿ. ಫೋರ್ ಲೋ ಗಾಡಿಯ ವೇಗವನ್ನು ಸುಮಾರು ಎರಡರಿಂದ ಎರಡೂವರೆ ಪಟ್ಟು ಇಳಿಸುತ್ತದೆ, ಇಂಜಿನ್ನಿನ ತಡೆ ಅಷ್ಟೇ ಪಟ್ಟು ಹೆಚ್ಚುತ್ತದೆ. ಗಾಡಿ ನಡಿಗೆಯ ವೇಗದಲ್ಲಿ ತಾನೇ ಇಳಿಯುತ್ತದೆ. ಹಿಲ್ ಡಿಸೆಂಟ್ ಗುಂಡಿ ಇದ್ದರೆ ಅದೂ ಬ್ರೇಕನ್ನು ಬಿಟ್ಟು ಹಿಡಿದು ಇದನ್ನೇ ಮಾಡುತ್ತದೆ. ಆದರೆ ಟೈರಿಗೆ ಹಿಡಿತವೇ ಇಲ್ಲದ ಕಡೆ ಆ ಗುಂಡಿ ಹೊಸ ಹಿಡಿತವನ್ನು ಹುಟ್ಟಿಸುವುದಿಲ್ಲ.

ಹತ್ತುವಾಗ ಅರ್ಧದಲ್ಲಿ ಇಂಜಿನ್ ಆಫ್ ಆದರೆ ಹೊಸಬರಿಗೆ ಮೊದಲು ಹೊಳೆಯುವುದು ಗಾಡಿ ತಿರುಗಿಸಿಕೊಂಡು ಇಳಿಯೋಣ ಎಂದು. ಅದನ್ನು ಮಾತ್ರ ಮಾಡಬೇಡಿ. ಒಂದು ಸರಳ ಲೆಕ್ಕ ನೋಡಿ. ಎಡ ಬಲ ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್, ಗಾಡಿಯ ತೂಕದ ಕೇಂದ್ರ ನೆಲದಿಂದ ಮುಕ್ಕಾಲು ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಲೆಕ್ಕದ ಪ್ರಕಾರ ಗಾಡಿ ಪಕ್ಕಕ್ಕೆ 45 ಡಿಗ್ರಿ ವಾಲಿದರೆ ಮಗುಚುತ್ತದೆ. ನಿಜದಲ್ಲಿ ಸ್ಪ್ರಿಂಗು ಒಂದು ಕಡೆಗೆ ಕುಸಿಯುತ್ತದೆ, ಕೆಳಗಿನ ಚಕ್ರ ಗುಂಡಿಗೆ ಬೀಳುತ್ತದೆ, ಟಾಪಿನ ಮೇಲೆ ಲಗೇಜು ಇರುತ್ತದೆ. ಹಾಗಾಗಿ ಅದಕ್ಕಿಂತ ತುಂಬ ಮೊದಲೇ ಮಗುಚಬಹುದು. ಸರಿಯಾದ ದಾರಿ ಇದು: ಬ್ರೇಕು ಒತ್ತಿ ಹಿಡಿಯಿರಿ, ರಿವರ್ಸ್ ಗೇರು ಹಾಕಿ, ಇಂಜಿನ್ ಶುರುಮಾಡಿ, ಸ್ಟೇರಿಂಗ್ ನೇರವಾಗಿಟ್ಟು ಹತ್ತಿದ ದಾರಿಯಲ್ಲೇ ಇಂಜಿನ್ನಿನ ತಡೆಯಲ್ಲಿ ಹಿಂದಕ್ಕೆ ಇಳಿಯಿರಿ. ಕ್ಲಚ್ಚು ಒತ್ತಿಕೊಂಡು ಹಿಂದಕ್ಕೆ ಉರುಳಬೇಡಿ.

ಉದ್ದದ ಗಾಡಿಗೆ ಇನ್ನೊಂದು ತೊಡಕಿದೆ. ಮೂರು ಬಾಗಿಲಿನ ಥಾರ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 2,450 ಮಿ.ಮೀ., ರಾಕ್ಸ್‌ನಲ್ಲಿ 2,850 ಮಿ.ಮೀ. ಹೆಸರು ಒಂದೇ ಆದರೂ ಚೂಪು ದಿಬ್ಬದ ನೆತ್ತಿಯಲ್ಲಿ ಮೊದಲನೆಯದು ದಾಟುವ ಕಡೆ ಎರಡನೆಯದರ ಹೊಟ್ಟೆ ನೆಲಕ್ಕೆ ತಾಗಬಹುದು.

ನೀರು

ಈ ಲೇಖನದಲ್ಲಿ ಒಂದೇ ಭಾಗ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.

ಥಾರ್ 650 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ. ಆ ಸಂಖ್ಯೆ ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಿಧಾನ ವೇಗಕ್ಕೆ ಎಂದು ತಿಳಿಯಬೇಕು. ಹರಿಯುವ ನೀರು ಬೇರೆಯದೇ ವಿಷಯ. ಕಾರಿನ ಒಳಗಿನ ಜಾಗ ಒಂದು ಡಬ್ಬಿ ಇದ್ದ ಹಾಗೆ. ಅದರ ತಳ ಸುಮಾರು ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಎಂದುಕೊಂಡರೆ, ನೀರು ಆ ತಳದಿಂದ ಮೇಲೆ ಏರಿದ ಪ್ರತಿ 10 ಸೆಂ.ಮೀ.ಗೂ ಸುಮಾರು 375 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ ಸುಮಾರು 375 ಕೆ.ಜಿ.ಯಷ್ಟು ಬಲ ಗಾಡಿಯನ್ನು ಮೇಲಕ್ಕೆ ಎತ್ತುತ್ತದೆ. ಎರಡು ಗೇಣು ನೀರು ಏರುವಷ್ಟರಲ್ಲಿ ಟೈರುಗಳ ಮೇಲಿನ ಭಾರದಲ್ಲಿ ಬಹುಪಾಲು ಹೊರಟುಹೋಗಿರುತ್ತದೆ. ಭಾರವಿಲ್ಲದ ಟೈರಿಗೆ ಹಿಡಿತವಿಲ್ಲ. ನಾಲ್ಕು ಚಕ್ರ ತಿರುಗಿದರೇನು, ಎಂಟು ಚಕ್ರ ತಿರುಗಿದರೇನು?

ಅದೇ ಹೊತ್ತಿಗೆ ಪ್ರವಾಹ ಪಕ್ಕದಿಂದ ತಳ್ಳುತ್ತಿರುತ್ತದೆ. ನಾಲ್ಕು ಮೀಟರ್ ಉದ್ದದ ಗಾಡಿಯ ಪಕ್ಕಕ್ಕೆ 40 ಸೆಂ.ಮೀ. ನೀರು ಬಡಿಯುತ್ತಿದೆ ಎನ್ನೋಣ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿದರೆ ಅದರ ತಳ್ಳುವ ಬಲ ಅಂದಾಜು 80 ಕೆ.ಜಿ. ತೂಕದಷ್ಟು. ಎರಡು ಮೀಟರ್ ಹರಿದರೆ 160 ಅಲ್ಲ, 320. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಕಣ್ಣಳತೆಯಲ್ಲಿ ಇದು ಗೊತ್ತಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಜನರಿಗೆ ಕೊಡುವ ಎಚ್ಚರಿಕೆ ಹೀಗಿದೆ: ರಭಸದ ನೀರು ಒಂದಡಿ ಇದ್ದರೆ ಹೆಚ್ಚಿನ ಕಾರುಗಳನ್ನು ಒಯ್ಯಬಲ್ಲದು, ಎರಡಡಿ ಇದ್ದರೆ ಎಸ್‌ಯುವಿ, ಟ್ರಕ್ಕುಗಳನ್ನೂ.

ಸ್ನಾರ್ಕೆಲ್ ಮಾಡುವುದು ಇಂಜಿನ್ನಿಗೆ ಗಾಳಿಯನ್ನು ಎತ್ತರದಿಂದ ತರುವ ಕೆಲಸ ಮಾತ್ರ. ಇಂಜಿನ್ನಿನೊಳಗೆ ನೀರು ಹೋಗದಂತೆ ಅದು ಕಾಪಾಡಬಹುದು. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆದ್ದರಿಂದ ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಹೀಗೆ ಕೆಟ್ಟ ಇಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದು ಕಷ್ಟ, ಅದಕ್ಕೆ ಪ್ರತ್ಯೇಕ ಇಂಜಿನ್ ಕವರ್ ಬೇಕು. ನೀರಿನಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ ಎನ್ನುವುದೂ ಇದಕ್ಕೇ. ಆದರೆ ತೇಲುವುದನ್ನು, ಕೊಚ್ಚಿಹೋಗುವುದನ್ನು ಸ್ನಾರ್ಕೆಲ್ ತಡೆಯುವುದಿಲ್ಲ.

ಕಾಲಲ್ಲಿ ನಡೆದು ನೋಡಲು ಧೈರ್ಯ ಬಾರದ ಹಳ್ಳಕ್ಕೆ ಗಾಡಿ ಇಳಿಸಬೇಡಿ. ಮಲೆನಾಡಿನ ಹಳ್ಳ ಬೆಳಿಗ್ಗೆ ಹಿಮ್ಮಡಿ ಮುಳುಗುವಷ್ಟಿದ್ದು ಮಧ್ಯಾಹ್ನಕ್ಕೆ ತುಂಬಿ ಬರುತ್ತದೆ. ಮಳೆ ನಿಮ್ಮ ತಲೆಯ ಮೇಲೇ ಸುರಿಯಬೇಕೆಂದಿಲ್ಲ, ಮೇಲಿನ ಗುಡ್ಡದಲ್ಲಿ ಸುರಿದರೂ ಸಾಕು. ಹೋಗಿದ್ದಾಯಿತು, ಬರುವುದು ಹೇಗೆ ಎಂಬ ಪ್ರಶ್ನೆ ಇಲ್ಲೂ ಇದೆ.

ನಜರ್‌ಬಾದ್‌ನಲ್ಲಿ ಇದ್ದುಕೊಂಡು ಕಲಿಯುವುದು ಎಲ್ಲಿ?

ಎದುರಿಗೇ ಬೆಟ್ಟ ಇದೆಯಲ್ಲ ಎಂದು ಕೇಳುವವರಿದ್ದಾರೆ. ಚಾಮುಂಡಿ ಬೆಟ್ಟ ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ, ವನ್ಯಧಾಮವಾದರೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ. ಕಾನೂನು ಬಿಡಿ, ಮಣ್ಣಿನ ಮಾತೂ ಇದೆ. 2021ರ ಅಕ್ಟೋಬರ್ ಮಳೆಗೆ ಬೆಟ್ಟದಲ್ಲಿ ನಂದಿಗೆ ಹೋಗುವ ಟಾರು ರಸ್ತೆಯೇ ಕುಸಿಯಿತು. ತಡೆಗೋಡೆ ಇದ್ದ ರಸ್ತೆಯ ಗತಿ ಹೀಗಾದರೆ ಇಳಿಜಾರಿನ ಹುಲ್ಲು ಕಿತ್ತು ಟೈರು ಮಾಡಿದ ಚರಂಡಿಯಲ್ಲಿ ಮುಂದಿನ ಮಳೆ ಏನು ಮಾಡುತ್ತದೆ ಎಂದು ಊಹಿಸಬಹುದು. ನದಿಗೂ ಇದೇ ಮಾತು. 2023ರ ಡಿಸೆಂಬರ್‌ನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಚಂದ್ರಾ ನದಿಯೊಳಗೆ ಥಾರ್ ಓಡಿಸಿದ ವಿಡಿಯೊ ದೇಶವೆಲ್ಲ ಹರಿದಾಡಿತು. ಅದನ್ನು ನೋಡಿದ ಅಲ್ಲಿನ ಪೊಲೀಸರು ಮೋಟಾರು ವಾಹನ ಕಾಯ್ದೆಯಡಿ ದಂಡ ಹಾಕಿದರು.

ಕಲಿಕೆಯ ಅರ್ಧದಷ್ಟು ಭಾಗ ಮನೆ ಮುಂದೆ ನಿಂತ ಗಾಡಿಯಲ್ಲೇ ಆಗುತ್ತದೆ. ಹಗ್ಗ ಕಟ್ಟುವ ಕೊಕ್ಕೆ ಮುಂದೆ ಎಲ್ಲಿದೆ, ಹಿಂದೆ ಎಲ್ಲಿದೆ? ಗಾಡಿಯ ಕೆಳಗೆ ಅತಿ ತಗ್ಗಿನ ಜಾಗ ಯಾವುದು, ಎಡಕ್ಕೋ ಬಲಕ್ಕೋ? ಇಂಜಿನ್ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ? ಟೂ ಹೈಯಿಂದ ಫೋರ್ ಲೋಗೆ ನಿಮ್ಮ ಗಾಡಿಯಲ್ಲಿ ಹೇಗೆ ಹೋಗಬೇಕು, ನಿಲ್ಲಿಸಬೇಕೇ, ನ್ಯೂಟ್ರಲ್ ಬೇಕೇ? ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತದೆ ಹೊರಗೆ ಇಡುವುದನ್ನೂ ಇಲ್ಲೇ ರೂಢಿಮಾಡಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗು ರಪ್ಪನೆ ತಿರುಗಿ ಬೆರಳು ಮುರಿಯುವುದು ಹಳೆ ಜೀಪುಗಳಲ್ಲಿ ಮಾಮೂಲಿಯಾಗಿತ್ತು. ಪವರ್ ಸ್ಟೇರಿಂಗ್ ಬಂದ ಮೇಲೆ ಕಡಿಮೆಯಾಗಿದೆ, ಆದರೂ ಈ ರೂಢಿಗೆ ಖರ್ಚಿಲ್ಲವಲ್ಲ.

ಉಳಿದರ್ಧಕ್ಕೆ ನೆಂಟರದ್ದೋ ಸ್ನೇಹಿತರದ್ದೋ ಖಾಲಿ ಹೊಲ ಸಾಕು, ಕೊಯ್ಲಾದ ಮೇಲೆ, ಕೇಳಿಕೊಂಡು. ವರುಣಾ ಕಡೆಗೋ ತಿ. ನರಸೀಪುರದ ಕಡೆಗೋ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಎರಡು ಗಾಡಿ ಇರಲಿ. ಸಿಕ್ಕಿಕೊಂಡಾಗ ಎಳೆಯಲು ಹೋಗಿಯೇ ಜನ ಗಾಯಗೊಳ್ಳುತ್ತಾರೆ. ಬಿಗಿದ ಹಗ್ಗದಲ್ಲಿ ತುಂಬಿದ ಶಕ್ತಿ ಅದು ತುಂಡಾದ ಕ್ಷಣ ಚಾಟಿಯಾಗುತ್ತದೆ, ಕೊಕ್ಕೆ ಕಿತ್ತುಬಂದರೆ ಕಬ್ಬಿಣದ ತುಂಡೇ ಹಾರಿಬರುತ್ತದೆ. ಟ್ರೇಲರ್ ಸಿಕ್ಕಿಸುವ ಗುಂಡನೆಯ ಹುಕ್ಕಿಗೆ, ಬಂಪರಿಗೆ ಹಗ್ಗ ಕಟ್ಟಬೇಡಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ವಿಡಿಯೊ ಮಾಡುವವರನ್ನು ಹಗ್ಗದ ಉದ್ದಕ್ಕಿಂತಲೂ ದೂರ ಕಳಿಸಿ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಮಹೀಂದ್ರಾ ಕಂಪನಿ ನಡೆಸಿದ ಆಫ್‌ರೋಡ್ ಶಾಲೆಯಂಥ ತರಬೇತಿಗಳೂ ಇವೆ.

ಇನ್ನೊಂದು ಶಾಲೆ ಇಲ್ಲೇ ಹತ್ತಿರದಲ್ಲಿದೆ. ಮಡಿಕೇರಿಯ ಆಚೆ ಮಂಡಲಪಟ್ಟಿಗೆ, ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಸ್ಥಳೀಯರ ಜೀಪುಗಳು ದಿನಾ ಹತ್ತಿಳಿಯುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಂಪ್ಯೂಟರಿಲ್ಲ, ಹಿಲ್ ಡಿಸೆಂಟ್ ಇಲ್ಲ. ಎಲ್ಲ ಚಾಲಕರೂ ಮಾದರಿ ಎಂದಲ್ಲ, ಪ್ರವಾಸಿಗರನ್ನು ಕುಲುಕಿಸಲೆಂದೇ ಓಡಿಸುವವರೂ ಇದ್ದಾರೆ. ಆದರೆ ಮಳೆಗಾಲದ ಮಣ್ಣು ಅವರಿಗೆ ಗೊತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಸುತ್ತಿನ ಗುಡ್ಡಗಳು ಕುಸಿದದ್ದನ್ನು ಕಂಡ ಊರಿನವರು ಅವರು. ಮೊದಲ ಸಲ ಹೋಗುವಾಗ ನಿಮ್ಮ ಗಾಡಿಯನ್ನು ಕೆಳಗೇ ಬಿಟ್ಟು ಒಬ್ಬ ಹಿರಿಯ ಚಾಲಕರ ಪಕ್ಕದ ಸೀಟಿನಲ್ಲಿ ಕೂತು ಹತ್ತಿ. ನೋಟವನ್ನು ಆಮೇಲೆ ನೋಡಬಹುದು, ಅವರ ಕಾಲು ನೋಡಿ. ಗೇರು ಬದಲಿಸುವುದು ಏರಿನ ಬುಡದಲ್ಲೋ ನಡುವಿನಲ್ಲೋ, ಕಲ್ಲಿನ ಮೇಲೆ ಟೈರು ಹತ್ತಿಸುತ್ತಾರೋ ಪಕ್ಕದಲ್ಲಿ ಬಿಡುತ್ತಾರೋ, ಇಳಿಯುವಾಗ ಬ್ರೇಕಿನ ಮೇಲೆ ಎಷ್ಟು ಸಲ ಕಾಲಿಡುತ್ತಾರೆ, ಎಣಿಸಿ. ಇವತ್ತು ಮೇಲೆ ಹೋಗುವುದು ಬೇಡ ಸಾರ್ ಎಂದು ಅವರೇ ಹೇಳಿದರೆ ಚೌಕಾಶಿ ಮಾಡಬೇಡಿ.